ನಮ್ಮ ಪಿಕಪ್ಪಿಗೆ ಕುರಿ ಅಡ್ಡ ಬಿಟ್ಟ ಚಾಚಾ

ಬಬಲೇಶ್ವರದ ಚಾಚಾ ಗ್ಯಾರೇಜು ಮುಚ್ಚಿದರೆಂಬ ಸುದ್ದಿ ನನಗೆ ಸಿಕ್ಕಿದ್ದು ಟಿಕೋಟಾದ ಸಂತೆಯಲ್ಲಿ. ಬದನೆಕಾಯಿ ತೂಗುತ್ತಿದ್ದವನು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಮಾಸ್ತರ, ಚಾಚಾ ಕೆಲಸ ಬಿಟ್ರಂತರಿ. ಮೊಣಕಾಲ ಮಡಚಾಕ ಬರವಲ್ದಂತ. ಇನ್ನ ನಿಮ್ಮ ಗಾಡಿ, ನಮ್ಮ ಗಾಡಿ ಎರಡೂ ದೇವರ ಪಾಲು" ಎಂದ. ಅವನದೂ ನಮ್ಮಂತೆಯೇ ಒಂದು ಹಳೆಯ ಪಿಕಪ್ಪು. ಬದನೆಕಾಯಿ ಮರೆತು ಇಬ್ಬರೂ ಸ್ವಲ್ಪ ಹೊತ್ತು ಚಾಚಾನ ಬಗ್ಗೆಯೇ ಮಾತಾಡಿದೆವು. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ಬೇಸತ್ತು ಬೇರೆ ಅಂಗಡಿಗೆ ಹೋದಳು.

ಚಾಚಾನ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆಂದಾಗ ಅವರೇ ತಡೆದಿದ್ದರು. "ಬರೀರಿ, ಆದ್ರ ಹೆಸರ ಹಾಕಬ್ಯಾಡ್ರಿ. ಮಂದಿ ಮುರಕ ಗಾಡಿ ಎಳಕೊಂಡು ಮನೀತನಾ ಬರ್ತಾರ. ಈಗರ ಒಂದೀಟು ಕುಂದರತೇನಿ."

ನಾನು ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಮನೆ ಜಲನಗರದಲ್ಲಿ. ಟಿಕೋಟಾದ ಹೊರಗೆ ನನ್ನ ಹೆಂಡತಿಗೆ ತವರಿನಿಂದ ಬಂದ ದ್ರಾಕ್ಷಿ ತೋಟವಿದೆ. ಅದನ್ನು ನಡೆಸುವವಳು ಅವಳೇ. ಗೊಬ್ಬರ, ಔಷಧಿ, ಒಣದ್ರಾಕ್ಷಿ ಹೊರುವುದಕ್ಕೆಂದು ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡೆವು. ಅದನ್ನು ಓಡಿಸುವವಳೂ ಅವಳೇ. ತಂದೆಯ ಟ್ರ್ಯಾಕ್ಟರಿನ ಮೇಲೆ ಬೆಳೆದ ಹುಡುಗಿ. ನನಗೋ ಸೈಕಲ್ಲಿನ ಚೈನು ಬಿಚ್ಚಿಕೊಂಡರೆ ಮರಳಿ ಹಾಕಲು ಬರುವುದಿಲ್ಲ.

ತಂದ ಎರಡನೆಯ ತಿಂಗಳಿಗೇ ಗಾಡಿ ಕಾಡತೊಡಗಿತು. ವೇಗ ಐವತ್ತು ಮುಟ್ಟುತ್ತಲೇ ಸ್ಟೇರಿಂಗು ಚಳಿಜ್ವರ ಬಂದವರ ಕೈಯಂತೆ ನಡುಗುತ್ತಿತ್ತು. ಹಿಡಿತ ಸಡಿಲಿಸಿದರೆ ಎಡಕ್ಕೆ ಎಳೆಯುತ್ತಿತ್ತು. ತಗ್ಗಿಗೆ ಇಳಿದಾಗ ಮುಂದಿನ ಗಾಲಿಯ ಹತ್ತಿರ ಏನೋ ಬಡಿದ ಸದ್ದು. ಊರಿನ ಒಂದು ಗ್ಯಾರೇಜಿನಲ್ಲಿ ಗಾಲಿಗಳನ್ನು ನೇರ ಮಾಡುವ ಅಲೈನ್‌ಮೆಂಟ್ ಮಾಡಿಕೊಟ್ಟರು. ಎಂಟು ದಿನಕ್ಕೆ ಮತ್ತೆ ಅದೇ ರಾಗ. ಇನ್ನೊಂದರಲ್ಲಿ ಸ್ಟೇರಿಂಗ್ ಬಾಕ್ಸನ್ನೇ ಬದಲಿಸಬೇಕೆಂದರು. ಆಗ ಪಕ್ಕದ ತೋಟದವರು ಬಬಲೇಶ್ವರದ ಬೇವಿನ ಮರದ ಗುರುತು ಹೇಳಿದರು. ಗ್ಯಾರೇಜು ಎಂದರೆ ಆ ಮರ, ಅದರ ಹಿಂದೆ ಒಂದು ತಗಡಿನ ಖೋಲಿ, ಮಗ್ಗುಲಿಗೆ ಒಂದು ಚಹದಂಗಡಿ, ಇಷ್ಟೇ.

ನಾವು ಹೋದಾಗ ಚಾಚಾ ಒಂದು ಟಯರಿನ ಮೇಲೆ ಅಂಗೈ ಆಡಿಸುತ್ತ ಕುಳಿತಿದ್ದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮೈಮೇಲೆ ಬಣ್ಣ ಯಾವುದೆಂದು ಹೇಳಲಾಗದ ಅಂಗಿ.

"ಏನಂತೈತಿ?" ಎಂದು ನನ್ನನ್ನು ಕೇಳಿದರು.

"ಯಾರು?" ಎಂದೆ.

"ಗಾಡಿ ರಿ. ಹೆಂಗ ಒದರತೈತಿ ಅಂತ ಕೇಳಾಕತ್ತೇನಿ."

"ಮುಂದಿನ ಕಡೆ ಒಂದು ನಮೂನಿ ಸಪ್ಪಳ ಬರತೈತ್ರಿ."

"ಯಾ ನಮೂನಿ? ಬಾಯಿಲೆ ಮಾಡಿ ತೋರಸ್ರಿ. ಜೋರ್ ಮಾಡ್ರಿ, ನನಗ ಬಲಗಿವಿ ಕೇಳೂದಿಲ್ಲ."

ಚಹದಂಗಡಿಯಲ್ಲಿ ಕುಳಿತಿದ್ದ ನಾಲ್ಕೈದು ಜನ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡತೊಡಗಿದರು. ನಾನು ಗಾಡಿಯ ಕಡೆ ಬೆರಳು ತೋರಿಸಿದೆ.

"ಏನ್ ಕೆಲಸಾ ಮಾಡ್ತೀರಿ?" ಎಂದರು ಚಾಚಾ.

"ಸಾಲ್ಯಾಗ ಕನ್ನಡ ಕಲಸ್ತೇನ್ರಿ."

"ಕನ್ನಡ ಕಲಸಾವ್ರಿಗೆ ಒಂದು ಸಪ್ಪಳಾ ಹೇಳಾಕ ಬರೂದಿಲ್ಲಂದ್ರ ಹೆಂಗ್ರಿ ಮಾಸ್ತರ?"

ನನ್ನ ಹಿಂದಿನಿಂದ ಹೆಂಡತಿ ಮುಂದೆ ಬಂದಳು. ಅವರ ಎಡಗಿವಿಯ ಹತ್ತಿರ ಬಗ್ಗಿ, "ತಗ್ಗಿನ್ಯಾಗ ಇಳದ್ರ ಟಕ್. ಏರಿದ್ರ ಟಕ್‌ಟಕ್. ಹೊಳ್ಳಿಸೂ ಮುಂದ ಕುಂಯ್ ಅಂತೈತ್ರಿ ಚಾಚಾ" ಎಂದಳು. ಚಾಚಾ ಮೊದಲ ಸಲ ತಲೆಯೆತ್ತಿ ಸರಿಯಾಗಿ ನೋಡಿದರು.

"ಗಾಡಿ ಯಾರ ಹೊಡೀತಾರ?"

"ನಾನಽ ರಿ."

ಅಂದಿನಿಂದ ಇಂದಿನವರೆಗೆ ಚಾಚಾ ಗಾಡಿಯ ವಿಷಯವಾಗಿ ನನ್ನನ್ನು ಒಂದು ಮಾತೂ ಕೇಳಿಲ್ಲ. ಚಹಾ ಹೇಳಿ ಬರುವುದು, ಬ್ಯಾಟರಿ ಹಿಡಿದು ಬೆಳಕು ಬಿಡುವುದು ಇವೆರಡು ನನ್ನ ಪಾಲಿಗೆ ಬಂದವು. ಬ್ಯಾಟರಿಯನ್ನೂ ನಾನು ಬೇಕಾದಲ್ಲಿ ಹಿಡಿಯುತ್ತಿರಲಿಲ್ಲವಂತೆ.

ಆದರೆ ಆ ಅವಮಾನದಿಂದ ನನಗೊಂದು ಲಾಭವಾಯಿತು. ಅನುಕರಣಾವ್ಯಯಗಳನ್ನು ನಾನು ವರ್ಷಗಳಿಂದ ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಮುಂದಿನ ವಾರ ಒಂಬತ್ತನೆಯ ತರಗತಿಯಲ್ಲಿ, ನಿಮ್ಮ ಮನೆಯ ಗಾಡಿ, ಮೋಟರು, ಫ್ಯಾನು ಹೇಗೆ ಸದ್ದು ಮಾಡುತ್ತವೆ ತೋರಿಸಿ ಎಂದೆ. ಗದ್ದಲ ಕೇಳಿ ಮುಖ್ಯಾಧ್ಯಾಪಕರು ಗಾಬರಿಯಿಂದ ಓಡಿ ಬಂದರು. ಬಂದವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, ತಮ್ಮ ಸ್ಕೂಟರಿನ ಸದ್ದನ್ನೂ ಮಾಡಿ ತೋರಿಸಿ ಹೋದರು.

ಕಿವಿ ಕೈಕೊಟ್ಟ ಮೇಲೆ ಚಾಚಾ ಅಂಗೈಯನ್ನು ನಂಬಿದ್ದರು. ಟಯರಿನ ಮೇಲೆ ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಕೈಯಾಡಿಸಿ, ಸವೆತ ಯಾವ ಕಡೆ ಇದೆ ಎಂಬುದರಿಂದಲೇ ಗಾಲಿ ಎತ್ತ ವಾಲಿದೆ ಎಂದು ಹೇಳುತ್ತಿದ್ದರು. ಆ ದಿನ ಜಾಕ್ ಹಚ್ಚಿ ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದರು. ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಆಮೇಲೆ ಆಚೆ ಈಚೆ ಹಿಡಿದು ಅಲುಗಿಸಿದರು. "ಮ್ಯಾಲ ಕೆಳಗ ಅಲಗ್ಯಾಡಿದ್ರ ಬಾಲ್ ಜಾಯಿಂಟ್ ಹೋಗೇತಿ ಅಂತ. ಆಕಡಿ ಈಕಡಿ ಅಲಗ್ಯಾಡಿದ್ರ ಟೈ ರಾಡ್. ನಿಮ್ಮದು ಎರಡೂ ಐತ್ರಿ ಅಕ್ಕಾರ, ಕಮ್ಮಿ ಏನಿಲ್ಲ."

ನನ್ನ ಹೆಂಡತಿಯನ್ನು ಸ್ಟೇರಿಂಗಿನ ಮುಂದೆ ಕೂರಿಸಿ ತಾವು ಗಾಡಿಯ ಕೆಳಗೆ ಸರಿದರು. "ಹಗೂರಕ ಅಲ್ಲಾಡಸ್ರಿ. ತೊಟ್ಟಲಾ ತೂಗಿದಂಗ." ಒಂದೊಂದು ಕೀಲಿನ ಮೇಲೂ ಅಂಗೈ ಇಡುತ್ತ ಹೋದರು. "ಸಿಕ್ತು" ಎಂಬ ಮಾತು ಕೆಳಗಿನಿಂದ ಕೇಳಿತು. "ಮಾಸ್ತರ, ನೀವೂ ಬರ್ರಿ ಇಲ್ಲಿ."

ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದೆ. ಹಿಂದೆ ಮುಂದೆ ನೋಡಿದೆ. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಅಂಗಾತ ಮಲಗಿ ತೆವಳಿದೆ. ಚಾಚಾ ನನ್ನ ಕೈಹಿಡಿದು, ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡಿನ ತುದಿಯ ಮೇಲಿಟ್ಟರು. ಸ್ಟೇರಿಂಗು ತಿರುಗಿದಾಗ ಸರಳು ಮೊದಲು ಸರಿಯುತ್ತಿತ್ತು. ಗಾಲಿ ಒಂದು ಕ್ಷಣ ಯೋಚಿಸಿ ಆಮೇಲೆ ಹಿಂಬಾಲಿಸುತ್ತಿತ್ತು. ಆ ಒಂದು ಕ್ಷಣ ನನ್ನ ಅಂಗೈಗೆ ಟಿಕ್ ಎಂದು ತಾಗಿತು.

"ನೀವು ಹೇಳಿದ್ದು ಗಾಲೀಗಿ ತಡಾ ಮಾಡಿ ತಿಳೀತೈತಿ. ಹಿಂತಾದ್ರ ಮ್ಯಾಲ ಅಲೈನ್‌ಮೆಂಟ್ ಮಾಡ್ಯಾರ. ಅಲಗ್ಯಾಡೂ ಹಲ್ಲು ಎಷ್ಟ್ ತಿಕ್ಕಿದ್ರ ಏನ್ ಗಟ್ಟಿ ಆಗತೈತ್ರಿ?"

ಎಡಗಡೆಯ ಬಾಲ್ ಜಾಯಿಂಟು, ಟೈ ರಾಡಿನ ತುದಿ, ಸವೆದುಹೋಗಿದ್ದ ಎರಡು ರಬ್ಬರ್ ಬುಶ್ಶು ಬದಲಾದವು. ಆಮೇಲೆ ಅಲೈನ್‌ಮೆಂಟಿಗೆ ಕಳಿಸಿದರು. ಮರಳಿ ಬರುವಾಗ ನನ್ನ ಹೆಂಡತಿ ಅರವತ್ತರಲ್ಲಿ ಒಂದೇ ಬೆರಳು ಸ್ಟೇರಿಂಗಿನ ಮೇಲಿಟ್ಟು ನನಗೆ ತೋರಿಸಿದಳು. ಎರಡೂ ಕೈಯಿಂದ ಹಿಡಿ ಎಂದು ನಾನು ಬೇಡಿಕೊಂಡೆ.

ಬಿಚ್ಚಿದ ಹಳೆಯ ಸಾಮಾನುಗಳನ್ನು ಚಾಚಾ ಗುಜರಿಗೆ ಹಾಕುತ್ತಿರಲಿಲ್ಲ. ತಂತಿ ಕಟ್ಟಿ ಬೇವಿನ ಟೊಂಗೆಗೆ ತೂಗುಬಿಡುತ್ತಿದ್ದರು. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸ್ಟೇರಿಂಗು ಸ್ವಲ್ಪ ಆಡುತ್ತದೆ, ಮೇಲಿನ ಸ್ಕ್ರೂ ಬಿಗಿ ಮಾಡಿ ಕಳಿಸಿಬಿಡಿ ಎಂದು ಅವಸರ ಮಾಡುವವರಿಗೆ ಟೊಂಗೆಯಿಂದ ಸಡಿಲಾದ ಕೀಲೊಂದನ್ನು ಇಳಿಸಿ ಕೈಗೆ ಕೊಟ್ಟು, "ಇದನ್ನ ಅಲ್ಲಾಡಿಸಿಕೋಂತ ಒಂದೀಟು ಕುಂದರ್ರಿ" ಎನ್ನುತ್ತಿದ್ದರು. ಹತ್ತು ನಿಮಿಷ ಅದನ್ನು ಅಲ್ಲಾಡಿಸಿದ ಯಾರೂ ಮತ್ತೆ ಅವಸರ ಮಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಕುರಿಗಳ ವಿಷಯ. ಇದನ್ನು ನಾನು ಕಣ್ಣಾರೆ ನೋಡಿದವನಲ್ಲ. ಹೆಂಡತಿಯ ಬಾಯಿಂದ, ಚಾಚಾನ ಬಾಯಿಂದ, ಚಹದಂಗಡಿಯವನ ಬಾಯಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರ ಮಾತೂ ಹೊಂದುತ್ತದೆ, ಚಹದಂಗಡಿಯವನು ಹೇಳುವಾಗ ಕುರಿಗಳ ಸಂಖ್ಯೆ ಮಾತ್ರ ಪ್ರತಿ ಸಲ ಹೆಚ್ಚುತ್ತದೆ.

ಎರಡು ವರ್ಷಗಳ ನಂತರ ಬಲಗಡೆಯ ಟೈ ರಾಡಿನ ತುದಿಯೂ ಸವೆದಿತ್ತು. ಒಂದು ಸಂಜೆ ಚಾಚಾ ಅದನ್ನು ಬದಲಿಸಿಕೊಟ್ಟರು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ತೋಟಕ್ಕೆ ಕುರಿಗೊಬ್ಬರ ತರಲು ಮಮದಾಪುರಕ್ಕೆ ಹೊರಟಳು. ಬಬಲೇಶ್ವರದಲ್ಲಿ ಬೇವಿನ ಮರದ ಮುಂದೆ ಹಾರ್ನ್ ಹೊಡೆದಳು, ಚಾಚಾ ಕೈಯೆತ್ತಿದರು. ಅವಳು ಹೋಗಿ ಒಂದು ತಾಸು ಕಳೆದಿರಬೇಕು. ಕಸ ಗುಡಿಸುತ್ತಿದ್ದ ಚಾಚಾನಿಗೆ ಡಬ್ಬಿಯ ಮುಚ್ಚಳವೊಂದರಲ್ಲಿ ಒಂದು ಹೊಸ ಸ್ಪ್ಲಿಟ್ ಪಿನ್ನು ಕಂಡಿತು. ಹೆಣ್ಣುಮಕ್ಕಳು ಕೂದಲಿಗೆ ಹಾಕುವ ಪಿನ್ನಿನಂತೆ ಎರಡು ಕಾಲಿನ ಸಣ್ಣ ತಂತಿ ಅದು. ಟೈ ರಾಡಿನ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅಡ್ಡ ಹಾಕಿ ಕಾಲು ಮಡಚುತ್ತಾರೆ. ನಟ್ಟು ಬಿಚ್ಚಿ ಬಿದ್ದರೆ ಗಾಲಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಹಿಂದಿನ ಸಂಜೆ ನಟ್ಟು ಕೂರಿಸುವ ಹೊತ್ತಿಗೆ ಯಾರೋ ಬಂದು ಜಗಳ ತೆಗೆದಿದ್ದರು. ಜಗಳ ಮುಗಿಸಿ ಬಂದ ಚಾಚಾ ಗಾಲಿ ಏರಿಸಿ ಗಾಡಿ ಕೊಟ್ಟುಬಿಟ್ಟಿದ್ದರು. ಪಿನ್ನು ಮುಚ್ಚಳದಲ್ಲೇ ಉಳಿದಿತ್ತು.

ಅವಳಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಗಾಡಿ ನಡೆಸುವಾಗ ಫೋನ್ ಮುಟ್ಟಬ್ಯಾಡ್ರಿ ಎಂದು ಆಣೆ ಹಾಕಿದವರು ಅವರೇ. ನನಗೆ ಮಾಡಿದರು, ನಾನು ಪರೀಕ್ಷಾ ಕೊಠಡಿಯಲ್ಲಿದ್ದೆ, ಫೋನು ಆಫೀಸಿನ ಕಪಾಟಿನಲ್ಲಿತ್ತು. ಚಾಚಾ ಪಿನ್ನು, ನಟ್ಟು ಬಿಗಿಯುವ ಪಾನಾ, ಇಕ್ಕಳ ಜೇಬಿಗೆ ತುರುಕಿಕೊಂಡು ಚಹದಂಗಡಿಯವನ ಬೈಕಿನ ಹಿಂದೆ ಹತ್ತಿದರು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತೆಂದು ಆತ ಈಗಲೂ ನೆನೆಸುತ್ತಾನೆ.

ಮಮದಾಪುರದ ದಾರಿಯಲ್ಲಿ ಒಂದು ಇಳಿಜಾರಿದೆ. ದೂರದಲ್ಲಿ, ಗೊಬ್ಬರದ ಚೀಲ ಹೇರಿಕೊಂಡು ಮರಳುತ್ತಿದ್ದ ನಮ್ಮ ಪಿಕಪ್ಪು ಆ ಇಳಿಜಾರಿನ ಮೇಲ್ತುದಿಗೆ ಬರುವುದು ಇಬ್ಬರಿಗೂ ಕಂಡಿತು. ಚಹದಂಗಡಿಯವನು ಬೈಕು ನಿಲ್ಲಿಸಿ ಎರಡೂ ಕೈ ಬೀಸತೊಡಗಿದ. ಚಾಚಾ ಅವನ ಕೈ ಹಿಡಿದು ಕೆಳಗೆ ಎಳೆದರು.

"ಬ್ಯಾಡ. ನಮ್ಮನ್ನ ಕಂಡ್ರ ಏನೋ ಆಗೇತಿ ಅಂತ ಗಕ್ಕನ ಬ್ರೇಕ್ ಒತ್ತತಾರ, ಸ್ಟೇರಿಂಗ್ ಎಳೀತಾರ. ಅದಽ ಆಗಬಾರ್ದು."

ರಸ್ತೆಯ ಮಗ್ಗುಲ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಚಾಚಾ ಕುರುಬನ ಕಡೆ ಓಡಿದರು. "ಯಪ್ಪಾ, ನಿನ್ನ ಕುರಿ ರಸ್ತೇಕ ಬಿಡು."

"ಗಾಡಿ ಬರಾಕತ್ತೈತಿ, ಕಾಣೂದಿಲ್ಲೇನು ನಿನಗ?"

"ಅದಕ್ಕಽ ಬಿಡು ಅನ್ನಾಕತ್ತೇನಿ. ಆ ಗಾಡಿಗೆ ಗಾಲಿ ಬಿಗಿ ಇಲ್ಲ. ಒಳಗ ಹೆಣ್ಣಮಗಳ ಅದಾಳ. ದೂರಿಂದ ಕುರಿ ಕಂಡ್ರ ಹಗೂರಕ ನಿಲ್ಲಸ್ತಾಳ."

ಕುರುಬ ನಾಲಗೆ ಮಡಚಿ ಒಂದು ಸೀಟಿ ಹೊಡೆದ. ಇಡೀ ಹಿಂಡು ಎದ್ದು ರಸ್ತೆಯ ತುಂಬ ಹರಡಿಕೊಂಡಿತು.

ಮುಂದಿನದು ನನ್ನ ಹೆಂಡತಿಯ ಮಾತು. ಕುರಿ ಕಂಡದ್ದೇ ಅವಳು ಒಂದೊಂದಾಗಿ ಗೇರ್ ಇಳಿಸಿ, ಹಿಂಡಿನಿಂದ ಹತ್ತು ಮಾರು ದೂರದಲ್ಲಿ ಮೆಲ್ಲಗೆ ನಿಂತಳು. ಕಿಟಕಿಯಿಂದ ತಲೆ ಹೊರಹಾಕಿ ಕುರುಬನಿಗೆ ನಾಲ್ಕು ಮಾತು ಅನ್ನುವಷ್ಟರಲ್ಲಿ ಕುರಿಗಳ ನಡುವೆ ಒಂದು ಬಿಳಿ ಟೊಪ್ಪಿಗೆ ಕಂಡಿತು. ಚಾಚಾ ಪಾನಾ ಹಿಡಿದು ಕುರಿಗಳನ್ನು ಸರಿಸುತ್ತ ಬರುತ್ತಿದ್ದರು.

"ಅಕ್ಕಾರ, ಸ್ಟೇರಿಂಗ್ ಮುಟ್ಟಬ್ಯಾಡ್ರಿ. ಹಂಗಽ ಕೆಳಗಿಳೀರಿ."

ಗಾಡಿಯ ಕೆಳಗೆ ಹೋಗಿ ನೋಡಿದರೆ ನಟ್ಟು ಕಳಚಿ ಬೀಳಲು ಇನ್ನು ಎರಡೇ ಸುತ್ತು ಉಳಿದಿತ್ತು. ಬಿಗಿದರು, ಪಿನ್ನು ಹಾಕಿದರು, ಕಾಲು ಮಡಚಿದರು. ಹೊರಗೆ ಬಂದು ಗಾಲಿಗೆ ಬೆನ್ನು ಹಚ್ಚಿ ರಸ್ತೆಯ ಮೇಲೆಯೇ ಕುಳಿತರು. ಕುರಿಯೊಂದು ಬಂದು ಅವರ ಟೊಪ್ಪಿಗೆ ಮೂಸತೊಡಗಿತು. ನನ್ನ ಹೆಂಡತಿಗೆ ನಗು ಬಂತು.

"ನಗಬ್ಯಾಡ್ರಿ ಅಕ್ಕಾರ" ಎಂದರಂತೆ ಚಾಚಾ. "ಇವತ್ತ ನಾ ನಿಮ್ಮನ್ನ ಕೊಲ್ಲಾವ ಇದ್ದೆ."

ಅವಳೂ ಅವರ ಪಕ್ಕದಲ್ಲಿ ಕುಳಿತಳು. ಕುರುಬ ತನ್ನ ನೀರಿನ ಬಾಟಲಿ ತಂದು ಇಬ್ಬರಿಗೂ ಕುಡಿಸಿದ.

ಆ ದಿನ ಅವಳು ನನಗೆ ಇದನ್ನು ಹೇಳಲಿಲ್ಲ. ಮೊದಲು ಹೇಳಿದವರು ಚಾಚಾ. ಮರುದಿನ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು ನಮ್ಮ ಶಾಲೆಯ ಬಾಗಿಲಲ್ಲಿ ನಿಂತಿದ್ದರು. "ಅಕ್ಕಾರು ನಿಮಗ ಹೇಳ್ಯಾರೇನ್ರಿ?" ಎಂದರು. ಏನನ್ನು ಎಂದೆ. ನಿಂತಲ್ಲೇ ಎಲ್ಲ ಹೇಳಿದರು. ತಪ್ಪನ್ನು ಜಗಳ ತೆಗೆದವನ ಮೇಲೆ ಹಾಕಲಿಲ್ಲ, ಕಿವಿಯ ಮೇಲೆ ಹಾಕಲಿಲ್ಲ. "ತಪ್ಪು ನಂದ್ರಿ" ಎಂದು ಮುಗಿಸಿದರು.

ನನ್ನ ಕಿವಿಯಲ್ಲಿ ಎರಡು ಸುತ್ತಿನ ನಟ್ಟು ಬಿಟ್ಟು ಬೇರೇನೂ ಉಳಿಯಲಿಲ್ಲ. ಗಂಟೆ ಹೊಡೆಯಿತು. ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲಿಲ್ಲ. ತಿರುಗಿ ತರಗತಿಗೆ ಹೋದೆ. ಪಾಠ ಮುಗಿಸಿ ಬಂದಾಗ ಅವರಿರಲಿಲ್ಲ.

ಇನ್ನು ಆ ಮರದ ಕೆಳಗೆ ಗಾಡಿ ಹೋಗಕೂಡದು ಎಂದು ಮನೆಯಲ್ಲಿ ಹೇಳಿದೆ. ಮೂರು ತಿಂಗಳು ಊರಿನ ಬೇರೆ ಗ್ಯಾರೇಜಿಗೆ ಹೋದೆವು. ಒಂದು ದಿನ ಹೆಂಡತಿ ಚಹದ ಕಪ್ಪು ನನ್ನ ಮುಂದಿಟ್ಟು ಕೇಳಿದಳು: "ತಪ್ಪಾತು ಅಂತ ಗೊತ್ತಾಗಿ ಬೆನ್ನತ್ತಿ ಬರಾವ್ರು ಬೇಕೋ, ತಪ್ಪಾದ್ರೂ ಗೊತ್ತಾಗದಾವ್ರು ಬೇಕೋ? ನೀವಽ ಹೇಳ್ರಿ. ಗಾಡ್ಯಾಗ ಕುಂದರಾಕಿ ನಾನು." ಮರುದಿನವೇ ಬಬಲೇಶ್ವರಕ್ಕೆ ಹೊರಟಳು. ನಾನೂ ಪಕ್ಕದಲ್ಲಿ ಕುಳಿತೆ.

ಅಲ್ಲಿ ಒಂದು ಹೊಸ ಪದ್ಧತಿ ನಡೆದಿತ್ತು. ಒಬ್ಬ ಲಾರಿಯವನು ಅಂಗೈ ಚಾಚಿ ನಿಂತಿದ್ದ. ಅಂಗೈಯಲ್ಲಿ ಅವನ ಗಾಡಿಗೆ ಬೇಕಾದಷ್ಟು ಪಿನ್ನುಗಳು. ಚಾಚಾ ಒಂದೊಂದೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಅಂಗೈ ಬರಿದಾಗದೆ ಗಾಡಿ ಜಾಕಿನಿಂದ ಇಳಿಯುವಂತಿಲ್ಲ. ಯಾಕೆಂದು ಆತ ಕೇಳಿದಾಗ ಚಾಚಾ ನಮ್ಮನ್ನು ನೋಡದೆಯೇ, "ಟಿಕೋಟಾದ ಅಕ್ಕಾರ ಗಾಡೀಗಿ ಒಂದು ಪಿನ್ನ ಬಿಟ್ಟಿದ್ನಿ" ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದರು.

ಲಾರಿ ಹೋದ ಮೇಲೆ ನಾನೇ ಮಾತಾಡಿದೆ. "ಅದನ್ನ ಕಂಡ ಕಂಡಾವ್ರಿಗೆಲ್ಲಾ ಹೇಳಬೇಕೇನ್ರಿ ಚಾಚಾ?"

"ಹೇಳಲಿಲ್ಲಂದ್ರ ಮರೀತೇನ್ರಿ. ಮರತ್ರ ಮತ್ತ ಬಿಡತೇನಿ."

"ಅವತ್ತ ಸಾಲ್ಯಾಗ ನಿಮಗ ಕುಂದರ್ರಿ ಅಂತ ಸುದ್ದಾ ಅನ್ನಲಿಲ್ಲ ನಾನು."

ಚಾಚಾ ತಮ್ಮ ಬಲಗಿವಿ ಮುಟ್ಟಿಕೊಂಡರು. "ಅಂದಿರಬೇಕ್ರಿ. ಈ ಕಡೆ ನಿಂತು ಅಂದ್ರ ನನಗ ಕೇಳಸೂದಿಲ್ಲ."

ಅಷ್ಟು ಹೇಳಿ ನಮ್ಮ ಗಾಡಿಯ ಪಿನ್ನುಗಳನ್ನು ನನ್ನ ಅಂಗೈಗೆ ಸುರಿದರು. ಚಹಾ ಹೇಳಿ ಬರುವ ಕೆಲಸದಿಂದ ನನಗೆ ಬಡ್ತಿ ಸಿಕ್ಕಿತು.

ಮೊಣಕಾಲು ಕೈಬಿಟ್ಟಿದ್ದು ಈ ವರ್ಷ. ಗಾಡಿಯ ಕೆಳಗೆ ಇಳಿದರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಗ್ಯಾರೇಜು ಮುಚ್ಚಿ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ಮಗಳ ಮನೆಗೆ ಗಂಡಹೆಂಡತಿ ಬಂದರು. ಕಳೆದ ತಿಂಗಳ ಒಂದು ಭಾನುವಾರ ನಾವು ಅವರನ್ನು ತೋಟಕ್ಕೆ ಕರೆದೊಯ್ಯಲು ಹೋದೆವು. ಬಿಳಿ ಜುಬ್ಬಾ, ತೊಳೆದ ಉಗುರು. ಮೊದಲಿಗೆ ಗುರುತೇ ಸಿಗಲಿಲ್ಲ.

ಚಾಚಿ ಬಾಗಿಲಲ್ಲಿ ನಿಂತು ನಮಗೆ ಎಚ್ಚರಿಕೆ ಕೊಟ್ಟರು. "ಕರಕೊಂಡ್ ಹೋಗ್ರಿ, ಆದ್ರ ನಿಮಗ ಆರಾಮ ಸಿಗೂದಿಲ್ಲ. ಯಾ ಗಾಡ್ಯಾಗ ಕುಂತ್ರೂ ಕಣ್ಣ ಮುಚ್ಚಾಂಗಿಲ್ಲ ಇವರು. ಅದು ಹಂಗ್ಯಾಕ ನಡಗತೈತಿ, ಇದು ಹಿಂಗ್ಯಾಕ ಎಳೀತೈತಿ ಅಂತ ಡ್ರೈವರನ ತಲಿ ತಿಂತಾರ. ನಮ್ಮ ಮಗಳ ಮದಿವಿಗೆ ಹೋಗೂ ಮುಂದ ಬಸ್ಸ ನಿಲ್ಲಿಸಿ ಕೆಳಗ ಇಳದು ನೋಡ್ಯಾರ. ಬೀಗರೆಲ್ಲಾ ಬಿಸಲಾಗ ನಿಂತಿದ್ರು."

ಚಾಚಾ ಕೇಳಿಸದವರಂತೆ ಗಾಡಿ ಹತ್ತಿದರು. ಹೆಂಡತಿ ಸ್ಟೇರಿಂಗಿನಲ್ಲಿ, ನಾನು ನಡುವೆ, ಅವರು ಕಿಟಕಿಗೆ. ಊರು ದಾಟುವವರೆಗೆ ಅಂಗೈಯನ್ನು ಬಾಗಿಲಿನ ಮೇಲೆ ಇಟ್ಟುಕೊಂಡಿದ್ದರು. ಇನ್ನೇನು ಒಂದು ತಪ್ಪು ತೆಗೆಯುತ್ತಾರೆಂದು ನಾವಿಬ್ಬರೂ ಕಾದೆವು. ಟಿಕೋಟಾದ ರಸ್ತೆ ಹಿಡಿದೆವು. ಅವರು ಕೈಯನ್ನು ಬಾಗಿಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲೆ ಅವರ ತಲೆಯ ಭಾರ ಬಿತ್ತು. ಬಾಯಿ ಚೂರು ತೆರೆದಿತ್ತು. ಸಣ್ಣಗೆ ಗೊರಕೆ.

ನಾನು ಅಲುಗಾಡದೆ ಕುಳಿತೆ. ಹೆಂಡತಿ ಒಮ್ಮೆ ಓರೆಗಣ್ಣಿನಿಂದ ನೋಡಿದಳು. ತೋಟಕ್ಕೆ ಹೊರಳುವ ಕಚ್ಚಾ ದಾರಿ ಬಂತು. ಅದರ ತುಂಬ ತಗ್ಗು. ಅವಳು ಇಂಡಿಕೇಟರ್ ಹಾಕಿದಳು, ಆರಿಸಿದಳು, ಡಾಂಬರು ರಸ್ತೆಯಲ್ಲಿ ನೇರ ಮುಂದಕ್ಕೆ ಹೊರಟಳು.